ಮಹಡಿ ಮೇಲಿನ ಮೆಶ್ ನೋಡ್ ಸಂಜೆಯಾದರೆ ಆಫ್‌ಲೈನ್! ಯಾರಿಗಾದರೂ ಹೀಗಾಗಿದೆಯಾ?

ಅಂಗಳದಡಿಕೆ
ಎಲ್ಲರಿಗೂ ನಮಸ್ಕಾರ. ಸುಳ್ಯದ ಹತ್ತಿರ ಅಪ್ಪ ಅಮ್ಮ ಇರುವ ಮನೆಗೆ ಮೂರು ನೋಡ್‌ಗಳ ಮೆಶ್ ವೈಫೈ (ಒಂದಕ್ಕೊಂದು ಕೊಂಡಿ ಹಾಕಿಕೊಂಡು ಇಡೀ ಮನೆಗೆ ವೈಫೈ ಹರಡುವ ಮೂರು ಡಬ್ಬಿಗಳು) ಹಾಕಿಸಿದ್ದೇವೆ. ಫೈಬರ್ ಬಂದು ಸೇರುವುದು ಕೆಳಗಿನ ಚಾವಡಿಗೆ. ಮೇನ್ ನೋಡ್ ಅಲ್ಲೇ ಇದೆ. ಎರಡನೆಯದು ಅಡುಗೆಮನೆ ದಾಟಿ ಹಿಂದಿನ ಕೋಣೆಯಲ್ಲಿ. ಮೂರನೆಯದು ಮಹಡಿ ಮೇಲೆ, ಬಾಲ್ಕನಿ ಬಾಗಿಲಿನ ಹತ್ತಿರ. ತಕರಾರು ಈ ಮೂರನೆಯದರದ್ದು.

ಹಗಲಿಡೀ ಸರಿ ಇರುತ್ತದೆ. ಕತ್ತಲಾಗುತ್ತಿದ್ದಂತೆ ಆ್ಯಪಿನಲ್ಲಿ ಆಫ್‌ಲೈನ್ ಅಂತ ಬರುತ್ತದೆ. ಎರಡು ಮೂರು ನಿಮಿಷಕ್ಕೆ ತಾನೇ ವಾಪಸ್ ಬರುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಏನೂ ಆಗಿಲ್ಲವೆಂಬಂತೆ ಹಸಿರು ಲೈಟು. ಫರ್ಮ್‌ವೇರ್ ಅಪ್‌ಡೇಟ್ ಆಯಿತು, ರೀಸೆಟ್ ಮಾಡಿ ಹೊಸದಾಗಿ ಸೇರಿಸಿದ್ದೂ ಆಯಿತು. ಕಸ್ಟಮರ್ ಕೇರ್‌ನವರು ನೋಡ್ ಹಾಳಾಗಿದೆ, ಹೊಸದು ತಗೊಳ್ಳಿ ಅನ್ನುತ್ತಿದ್ದಾರೆ. ವಾರಂಟಿ ಮುಗಿದಿದೆ.

ನಾನಿರುವುದು ಬೆಂಗಳೂರಿನಲ್ಲಿ. ಅಲ್ಲಿ ಕೈ ಆಡಿಸಬೇಕಾದವರು ಅಪ್ಪ. ಹಾಗಾಗಿ ಫೋನಿನಲ್ಲಿ ಹೇಳಿ ಮಾಡಿಸಬಹುದಾದ ಉಪಾಯ ಇದ್ದರೆ ಹೇಳಿ.

ಪಾಕ್_ಮೈಸೂರು
ಸಂಜೆ ಅಂದರೆ ಎಲ್ಲರೂ ಮೊಬೈಲ್ ಹಿಡಿದು ಕೂರುವ ಹೊತ್ತು ಸರ್. ಅಕ್ಕಪಕ್ಕದ ವೈಫೈಗಳೆಲ್ಲ ಒಂದೇ ಚಾನೆಲ್‌ಗೆ ಬಂದು ಗುದ್ದಾಡುತ್ತವೆ. ಚಾನೆಲ್ ಬದಲಿಸಿ.

ಅಂಗಳದಡಿಕೆ
ಸರ್ ಅಲ್ಲ, ಮೇಡಂ 🙂 ಪಕ್ಕದ ಮನೆ ತೋಟದ ಆಚೆ ಇದೆ. ಅವರ ವೈಫೈ ನಮ್ಮ ಮನೆಯಲ್ಲಿ ಕಾಣಿಸುವುದೇ ಇಲ್ಲ.

ಪಾಕ್_ಮೈಸೂರು
ಹಾಗಾದರೆ ನನ್ನ ಥಿಯರಿ ತೋಟದಾಚೆಗೇ ಇರಲಿ.

ಕುಂದಾಪ್ರ_ಕಡ್ಲು
ಗೋಡೆ ಯಾವುದು ಮಾರಾಯ್ರೇ? ಕೆಂಪು ಕಲ್ಲಾದರೆ ಅಲ್ಲೇ ಉತ್ತರ ಇದೆ. ನಮ್ಮ ಮನೆಯದೂ ಕೆಂಪು ಕಲ್ಲೇ. ಒಂದು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ಸುಸ್ತಾಗಿ ಬಿಡುತ್ತದೆ. ಮೇಲೆ ಸ್ಲ್ಯಾಬ್ ಬೇರೆ. ಮಳೆಗಾಲದಲ್ಲಿ ಗೋಡೆ ನೀರು ಕುಡಿದರೆ ಇನ್ನೂ ಕಷ್ಟ.

ತಂತಿಮೀಟರ್
ಗೋಡೆ ಸಂಜೆ ದಪ್ಪ, ಬೆಳಗ್ಗೆ ತೆಳ್ಳಗೆ ಆಗುತ್ತದಾ? ಅವರು ಹಗಲು ಸರಿ ಇದೆ ಅಂತ ಬರೆದಿದ್ದಾರಲ್ಲ.

ಅಂಗಳದಡಿಕೆ ಅವರೇ, ಆಫ್‌ಲೈನ್ ಅನ್ನುವುದು ಒಂದೇ ರೋಗ ಅಲ್ಲ. ಮೂರು ಬೇರೆ ಬೇರೆ ವಿಷಯಕ್ಕೆ ಆ್ಯಪ್ ಅದೇ ಒಂದು ಮಾತು ಹೇಳುತ್ತದೆ. ನೋಡ್‌ಗೆ ಕರೆಂಟ್ ಸರಿಯಾಗಿ ಸಿಗದೆ ಅದು ರೀಸ್ಟಾರ್ಟ್ ಆಗುತ್ತಿರಬಹುದು. ನೋಡ್ ಆನ್ ಇದ್ದೂ ಮೇನ್ ನೋಡ್ ಜೊತೆಗಿನ ಕೊಂಡಿ ತಪ್ಪುತ್ತಿರಬಹುದು. ಇಲ್ಲವೇ ಎರಡೂ ಸರಿ ಇದ್ದು ಕಂಪನಿಯ ಸರ್ವರ್‌ಗೆ ಮಾತ್ರ ತಲುಪುತ್ತಿಲ್ಲದಿರಬಹುದು. ಮೂರನೆಯದಾದರೆ ಮಹಡಿಯಲ್ಲಿ ವೈಫೈ ನಡೆಯುತ್ತಲೇ ಇರುತ್ತದೆ, ಆ್ಯಪ್ ಮಾತ್ರ ಅಳುತ್ತದೆ. ಇದರಲ್ಲಿ ಯಾವುದು ಅಂತ ಗೊತ್ತಾಗದೆ ಚಾನೆಲ್ ಬದಲಿಸುವುದು, ಹೊಸ ಡಬ್ಬಿ ತರುವುದು ಎಲ್ಲ ಸುಮ್ನೆ ದುಡ್ಡು ದಂಡ.

ಅಪ್ಪನಿಗೆ ಹೇಳಿ, ಹೋದ ಹೊತ್ತಿಗೆ ಮಹಡಿಗೆ ಹೋಗಿ ಲೈಟ್ ನೋಡಲಿ. ಕೆಂಪಾಗಿ ನಿಂತಿದೆಯಾ, ಅಥವಾ ಆರಿ ಮತ್ತೆ ಮೊದಲಿನಿಂದ ಮಿನುಗಲು ಶುರುವಾಗುತ್ತದಾ?

ಹುಬ್ಬಳ್ಳಿ_ಗಿರ್ಮಿಟ್
ಸಂಜೆ ಹೊತ್ತು ವೋಲ್ಟೇಜ್ ಬೀಳತದ ರೀ. ಎಲ್ಲರ ಮನ್ಯಾಗೂ ಲೈಟು, ಟಿವಿ, ಮಿಕ್ಸಿ ಶುರುವಾಗಿರತಾವ. ಒಂದು ಸ್ಟೆಬಿಲೈಸರ್ ಹಾಕ್ರಿ, ಮುಗೀತು.

ರೇಡಿಯೊ_ರಾಯರು
ಸ್ಟೆಬಿಲೈಸರ್ ಬೇಡ ರೀ ಗಿರ್ಮಿಟ್ಟಣ್ಣ. ಅಡಾಪ್ಟರ್ ಮೇಲೆ ಇನ್‌ಪುಟ್ 100–240 ವೋಲ್ಟ್ ಅಂತ ಬರೆದಿರುತ್ತದೆ, ಓದಿ ನೋಡಿ. 230 ಇದ್ದದ್ದು 160ಕ್ಕೆ ಇಳಿದರೂ ಅದಕ್ಕೆ ಲೆಕ್ಕಕ್ಕಿಲ್ಲ. ಫ್ರಿಜ್ಜಿಗೆ ಬೇಕು ಸ್ಟೆಬಿಲೈಸರ್, ಇದಕ್ಕಲ್ಲ.

ಹುಬ್ಬಳ್ಳಿ_ಗಿರ್ಮಿಟ್
ಬರೆದಿರತದ, ಖರೆ. ಅಡಾಪ್ಟರ್ ಹಳೇದಾದ ಮ್ಯಾಲೆ ಅದು ಬರೆದಂಗ ನಡೀತದಾ? ನಮ್ಮ ಅಂಗಡ್ಯಾಗ ವೋಲ್ಟೇಜ್ ಬಿದ್ದಾಗೆಲ್ಲ ರೌಟರ್ ರೀಸ್ಟಾರ್ಟ್ ಆಗತಿತ್ತು. ಅಡಾಪ್ಟರ್ ಬದಲಿಸಿದ ಮ್ಯಾಲೆ ನಿಂತಿತು.

ರೇಡಿಯೊ_ರಾಯರು
ಅದು ಒಪ್ಪಿದೆ. ಒಳಗಿನ ಕೆಪಾಸಿಟರ್ ಒಣಗಿದರೆ ಅರೆ ಕ್ಷಣದ ಏಟನ್ನೂ ಅದು ತಡೆಯುವುದಿಲ್ಲ. ಆದರೆ ಆಗ ಬದಲಿಸಬೇಕಾದ್ದು ಅಡಾಪ್ಟರ್, ತರಬೇಕಾದ್ದು ಸ್ಟೆಬಿಲೈಸರ್ ಅಲ್ಲ. ನೀವೂ ಅದನ್ನೇ ಮಾಡಿದ್ದೀರಲ್ಲ!

ಬೆಣ್ಣೆದೋಸೆ_ದಾವಣಗೆರೆ
ಡಬಲ್ ನ್ಯಾಟ್ ಇರಬೇಕು. ಫೈಬರ್ ಡಬ್ಬಿಯೂ ರೌಟರ್, ಮೆಶ್ಶೂ ರೌಟರ್, ವಿಳಾಸ ಹಂಚುವ ಕೆಲಸ ಎರಡು ಸಲ ಆಗುತ್ತದೆ. ಮೆಶ್ಶನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಅದು ಬರೀ ವೈಫೈ ಹರಡಲಿ.

ತಂತಿಮೀಟರ್
ಯಾವ ಥ್ರೆಡ್ ತೆರೆದರೂ ಡಬಲ್ ನ್ಯಾಟ್ ಬಂದೇ ಬರುತ್ತದೆ. ಅದರಿಂದ ಗೇಮ್ ಆಡುವವರಿಗೆ ತೊಂದರೆ, ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನಿಂದ ಮನೆಯ ಸಾಧನ ತೆರೆಯುವವರಿಗೆ ತೊಂದರೆ. ಮೂರರಲ್ಲಿ ಒಂದೇ ನೋಡ್, ಅದೂ ಸಂಜೆ ಮಾತ್ರ ಬೀಳುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಡಬ್ಬಿ, ಮೆಶ್ ಎರಡೂ 192.168.1.1 ಅನ್ನುವ ಒಂದೇ ವಿಳಾಸದಲ್ಲಿ ಕೂತಿದ್ದರೆ ಗಲಾಟೆ ಆಗುತ್ತದೆ, ಆದರೆ ಆಗ ಇಡೀ ಮನೆಗೆ ನೆಟ್ ಇರುವುದಿಲ್ಲ.

ಕ್ರಿಂಪಿಂಗ್_ಕಾಕಾ
ಸುಲಭದ ಪರೀಕ್ಷೆ ಒಂದಿದೆ. ಹಿಂದಿನ ಕೋಣೆಯ ನೋಡ್ ಮಹಡಿಗೆ, ಮಹಡಿಯದ್ದು ಹಿಂದಿನ ಕೋಣೆಗೆ. ಅದಲುಬದಲು ಮಾಡಿ ಎರಡು ರಾತ್ರಿ ಬಿಡಿ. ತೊಂದರೆ ಡಬ್ಬಿಯ ಜೊತೆ ಕೆಳಗೆ ಬಂದರೆ ಡಬ್ಬಿಯದೇ ತಪ್ಪು. ಮಹಡಿಯಲ್ಲೇ ಉಳಿದರೆ ಜಾಗದ್ದು. ಹೊಸ ನೋಡ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡದವರಿಗೆ ನಾನು ಮಾತೇ ಆಡುವುದಿಲ್ಲ.

ಕುಂದಾಪ್ರ_ಕಡ್ಲು
ಕಾಕಾ ಇವತ್ತು ಬಿಸಿ ಇದ್ದಾರೆ.

ಅಂಗಳದಡಿಕೆ
ಮಾಡಿಸಿದೆ. ಹಿಂದಿನ ಕೋಣೆಯಲ್ಲಿ ಒಳ್ಳೆಯ ಹುಡುಗನ ಹಾಗಿದ್ದ ನೋಡ್ ಮಹಡಿಗೆ ಹೋದ ಮೇಲೆ ಅದೇ ರೀತಿ ಬೀಳುತ್ತಿದೆ. ಮಹಡಿಯಿಂದ ಇಳಿದದ್ದು ಕೆಳಗೆ ಆರಾಮಾಗಿದೆ. ಅಂದರೆ ನೋಡ್ ಹಾಳಾಗಿಲ್ಲ, ಅಲ್ವಾ?

ಕುಂದಾಪ್ರ_ಕಡ್ಲು
ನಾನು ಹೇಳಿದ್ದೇನು! ಜಾಗದ್ದೇ ತಪ್ಪು. ಗೋಡೆ, ಸ್ಲ್ಯಾಬ್.

ಪಾಕ್_ಮೈಸೂರು
ಹತ್ತಿರದಲ್ಲಿ ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಏನಾದರೂ ಇದೆಯಾ? ಕನ್ನಡಿಯ ಹಿಂದಿನ ಲೇಪ ಸಿಗ್ನಲ್ಲನ್ನು ವಾಪಸ್ ಹೊಡೆಯುತ್ತದೆ. ನಮ್ಮ ಅತ್ತೆ ಮನೆಯಲ್ಲಿ ರೌಟರನ್ನು ಬೀರುವಿನ ಒಳಗೇ ಇಟ್ಟಿದ್ದರು, ಧೂಳು ಕೂರಬಾರದು ಅಂತ.

ಬೆಣ್ಣೆದೋಸೆ_ದಾವಣಗೆರೆ
ನಮ್ಮ ಮನೆಯಲ್ಲಿ ರೌಟರ್ ಮೇಲೆ ಕ್ರೋಶಾ ಹೊದಿಕೆ ಇದೆ. ತೆಗೆದರೆ ಅಮ್ಮ ಮತ್ತೆ ಹಾಕುತ್ತಾರೆ.

ರೇಡಿಯೊ_ರಾಯರು
ಹೊದಿಕೆಯಿಂದ ಸಿಗ್ನಲ್‌ಗೆ ಏನೂ ಆಗಲ್ಲ, ಬಿಸಿ ಮಾತ್ರ ಜಾಸ್ತಿಯಾಗುತ್ತದೆ. ಬೇಸಿಗೆಯಲ್ಲಾದರೂ ತೆಗೆಸಿ.

ಅಂಗಳದಡಿಕೆ ಅವರೇ, ಆ್ಯಪಿನಲ್ಲಿ ಮಹಡಿ ನೋಡ್‌ನ ಸಿಗ್ನಲ್ ಸಂಖ್ಯೆ ತೋರಿಸುತ್ತದಾ? ಮೈನಸ್‌ನಲ್ಲಿ ಇರುತ್ತದೆ. ನೋಡ್‌ನಿಂದ ನೋಡ್‌ಗೆ ಮೈನಸ್ 60ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 75 ದಾಟಿದರೆ ಅದು ದಾರದ ಮೇಲೆ ನಿಂತಂತೆ. ಪ್ರತಿ 3 ಡಿಬಿ (ಈ ಸಂಖ್ಯೆಯ ಅಳತೆ ಅದು) ಇಳಿದರೆ ಸಿಗ್ನಲ್‌ನ ಶಕ್ತಿ ಅರ್ಧ ಆಗುತ್ತದೆ ಅನ್ನುವುದು ನೆನಪಿರಲಿ. ಬಹಳ ಜನ ನೋಡನ್ನು ಸಿಗ್ನಲ್ ಇಲ್ಲದ ಜಾಗದಲ್ಲೇ ಇಡುತ್ತಾರೆ. ಇಡಬೇಕಾದ್ದು ಅರ್ಧ ದಾರಿಯಲ್ಲಿ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಅದು ನಿಮಗೆ ಎಲ್ಲಿಂದ ತಂದುಕೊಡಬೇಕು?

ಅಂಗಳದಡಿಕೆ
ಮೈನಸ್ 58 ತೋರಿಸುತ್ತಿದೆ. ಮಹಡಿ ಮೆಟ್ಟಿಲು ಚಾವಡಿಯಿಂದಲೇ ಏರುತ್ತದೆ, ನಡುವೆ ಗೋಡೆ ಇಲ್ಲ. ಸಂಜೆಯೂ ಬೀಳುವ ಮುಂಚಿನವರೆಗೆ ಇಷ್ಟೇ ಇರುತ್ತದೆ.

ಮತ್ತೆ ತಂತಿಮೀಟರ್ ಅವರು ಕೇಳಿದ್ದು: ನಿನ್ನೆ ಅಪ್ಪ ಕುರ್ಚಿ ಹಾಕಿಕೊಂಡು ಕಾದು ಕೂತರು. ಲೈಟ್ ಪೂರ್ತಿ ಆರಿತಂತೆ, ಆಮೇಲೆ ಹಳದಿ ಮಿನುಗಿ, ನಿಧಾನಕ್ಕೆ ಹಸಿರಾಯಿತಂತೆ.

ತಂತಿಮೀಟರ್
ಅಪ್ಪನಿಗೆ ನಮಸ್ಕಾರ ತಿಳಿಸಿ. ಇಲ್ಲಿ ಬಂದ ಅರ್ಧ ಉತ್ತರಗಳು ಇದರಲ್ಲೇ ಬಿದ್ದುಹೋದವು. ಲೈಟ್ ಆರಿತು ಅಂದರೆ ಕೊಂಡಿ ತಪ್ಪಿದ್ದಲ್ಲ, ನೋಡೇ ರೀಸ್ಟಾರ್ಟ್ ಆಗುತ್ತಿದೆ. ಎರಡು ಮೂರು ನಿಮಿಷ ಅಂದರೆ ಅದು ಬೂಟ್ ಆಗಿ ಮೆಶ್‌ಗೆ ಸೇರಿಕೊಳ್ಳುವ ಹೊತ್ತು. ಚಾನೆಲ್, ಗೋಡೆ, ಬೀರು ಎಲ್ಲ ಮರೆತುಬಿಡಿ. ಕರೆಂಟ್ ನೋಡಿ.

ಅದಲುಬದಲು ಮಾಡುವಾಗ ಅಡಾಪ್ಟರ್ ಕೂಡ ಬದಲಾಯಿತಾ? ಅಥವಾ ಡಬ್ಬಿ ಮಾತ್ರವಾ?

ಅಂಗಳದಡಿಕೆ
ಕೇಳಿದೆ. ಡಬ್ಬಿ ಮಾತ್ರ. ಮೇಲಿನ ವಯರನ್ನು ಮುಟ್ಟಿಲ್ಲವಂತೆ, "ಅದು ಯುಪಿಎಸ್‌ಗೆ ಹೋಗಿದೆ, ತೆಗೆಯಲಿಕ್ಕಿಲ್ಲ" ಅಂದರು. ಯಾವ ಯುಪಿಎಸ್ ಅಂತ ಕೇಳಿದರೆ, ಕರೆಂಟ್ ಹೋದಾಗ ನಿಲ್ಲಬಾರದು ಅಂತ ಪೇಟೆಯಿಂದ ಚಿಕ್ಕದೊಂದು ರೌಟರ್ ಯುಪಿಎಸ್ ತಂದು ಹಾಕಿದ್ದಾರೆ. ನನಗೆ ಸುದ್ದಿಯೇ ಇಲ್ಲ!

ಕ್ರಿಂಪಿಂಗ್_ಕಾಕಾ
ಬಂತು ನೋಡಿ.

ತಂತಿಮೀಟರ್
ಆ ಯುಪಿಎಸ್ ಮೇಲೆ ಔಟ್‌ಪುಟ್ ಎಷ್ಟು ಬರೆದಿದೆ? ನೋಡ್‌ನ ಸ್ವಂತ ಅಡಾಪ್ಟರ್ ಮೇಲೆ ಎಷ್ಟು? ಎರಡರದ್ದೂ ಫೋಟೊ ತೆಗೆದು ಕಳಿಸಲು ಹೇಳಿ. ಮತ್ತೆ ಆ ಯುಪಿಎಸ್‌ಗೆ ಬೇರೆ ಏನಾದರೂ ಸೇರಿಸಿದ್ದಾರಾ ಅಂತಲೂ ಕೇಳಿ.

ಹುಬ್ಬಳ್ಳಿ_ಗಿರ್ಮಿಟ್
ಕರೆಂಟ್ ಅಂತ ಮೊದಲು ಹೇಳಿದವ ಯಾರು? ಬರೆದಿಟ್ಟುಕೊಳ್ರಿ.

ಅಂಗಳದಡಿಕೆ
ಫೋಟೊ ಬಂತು. ಯುಪಿಎಸ್: 12 ವೋಲ್ಟ್, 2 ಆಂಪಿಯರ್. ನೋಡ್‌ನ ಅಡಾಪ್ಟರ್: 12 ವೋಲ್ಟ್, 1.5 ಆಂಪಿಯರ್. ಯುಪಿಎಸ್‌ನಿಂದ ಒಂದು ವಯರ್ ಇಬ್ಭಾಗವಾಗಿ, ಇನ್ನೊಂದು ತುದಿ ಬಾಲ್ಕನಿಯ ಕ್ಯಾಮೆರಾಗೆ ಹೋಗಿದೆ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದಾರೆ, ಈ ರೇಟಿಗೆ ಕಳ್ಳರ ಭಯ ಇದ್ದೇ ಇದೆ. ಅದಕ್ಕೆ ಈ ಸಲ ಕ್ಯಾಮೆರಾ ಹಾಕಿಸಿದ್ದು. ಕ್ಯಾಮೆರಾದ ಮೇಲೆ 12 ವೋಲ್ಟ್ 1 ಆಂಪಿಯರ್ ಅಂತಿದೆ.

ರೇಡಿಯೊ_ರಾಯರು
ಕ್ಯಾಮೆರಾದಲ್ಲಿ ಕತ್ತಲಲ್ಲಿ ಕಾಣುವ ಇನ್‌ಫ್ರಾರೆಡ್ ಲೈಟ್ ಇದೆಯಾ? ಲೆನ್ಸ್ ಸುತ್ತ ಸಣ್ಣ ಸಣ್ಣ ಬಲ್ಬು?

ಅಂಗಳದಡಿಕೆ
ಇದೆ. ರಾತ್ರಿ ಮಂದ ಕೆಂಪಾಗಿ ಕಾಣುತ್ತದೆ.

ರೇಡಿಯೊ_ರಾಯರು
ಹಾಗಾದರೆ ಇಲ್ಲಿದೆ ನಿಮ್ಮ ಸಂಜೆಯ ಗುಟ್ಟು. ಹಗಲು ಕ್ಯಾಮೆರಾ ಬರೀ ಚಿತ್ರ ತೆಗೆಯುತ್ತಿರುತ್ತದೆ, ಎಳೆಯುವ ಕರೆಂಟ್ ಕಮ್ಮಿ. ಬೆಳಕು ಇಳಿದ ಕೂಡಲೇ ಆ ಬಲ್ಬುಗಳು ಹೊತ್ತುತ್ತವೆ. ಆಗ ಅದರ ಖರ್ಚು ದುಪ್ಪಟ್ಟಿನ ಹತ್ತಿರ ಹೋಗಬಹುದು. ನೋಡ್ 1.5, ಕ್ಯಾಮೆರಾ 1, ಎರಡೂ ಸೇರಿ ಗರಿಷ್ಠ 2.5 ಆಂಪಿಯರ್ ಕೇಳಬಹುದು, ಅಂದರೆ 30 ವ್ಯಾಟ್. ಯುಪಿಎಸ್ ಕೊಡುವುದು 24 ವ್ಯಾಟ್, ಅದೂ ಡಬ್ಬಿಯ ಮೇಲೆ ಬರೆದ ಲೆಕ್ಕ. ಜೊತೆಗೆ ತನ್ನ ಬ್ಯಾಟರಿಗೂ ಅದು ಚಾರ್ಜ್ ಮಾಡಿಕೊಳ್ಳಬೇಕು. ಇಬ್ಭಾಗದ ವಯರ್ ತೆಳ್ಳಗಿದ್ದರೆ ಅಲ್ಲೂ ಸ್ವಲ್ಪ ವೋಲ್ಟ್ ಹೋಗುತ್ತದೆ. ನೋಡ್ ಜೋರಾಗಿ ಡೇಟಾ ಕಳಿಸುವ ಕ್ಷಣಕ್ಕೆ ವೋಲ್ಟೇಜ್ ಕುಸಿದು ರೀಸ್ಟಾರ್ಟ್. ಅದು ಜೋರಾಗಿ ಕೆಲಸ ಮಾಡುವುದೂ ರಾತ್ರಿಯೇ, ಕ್ಯಾಮೆರಾದ ವಿಡಿಯೊ ಅದೇ ನೋಡ್ ಮೇಲೆ ಹೋಗುತ್ತಿದೆಯಲ್ಲ!

ಪಾಕ್_ಮೈಸೂರು
ಅಬ್ಬಾ. ನಾನು ಚಾನೆಲ್ ಬದಲಿಸಿ ಅಂತ ಹೇಳಿ ಆರಾಮಾಗಿ ಕಾಫಿ ಕುಡಿಯುತ್ತಿದ್ದೆ.

ಬೆಣ್ಣೆದೋಸೆ_ದಾವಣಗೆರೆ
ಈ ಚಿಕ್ಕ ಯುಪಿಎಸ್‌ಗಳನ್ನು ನಂಬಬಾರದು. ಅಣ್ಣನ ಮನೆಯಲ್ಲಿ ಒಂದಿತ್ತು. ಕರೆಂಟ್ ಇದ್ದಾಗ ಸರಿ, ಹೋದ ಮೇಲೆ ಬ್ಯಾಟರಿ ಇಳಿದಂತೆ ವೋಲ್ಟೇಜೂ ಇಳಿಯುತ್ತಿತ್ತು. ಹೆಸರಿಗೆ ಮಾತ್ರ 12.

ತಂತಿಮೀಟರ್
ಒಳಗೆ ಮೂರು ಲಿಥಿಯಂ ಸೆಲ್ ಸಾಲಾಗಿ ಇಟ್ಟು ನೇರವಾಗಿ ಹೊರಗೆ ಬಿಡುವ ಅಗ್ಗದ ಮಾಲಾದರೆ ಹಾಗೇ. ತುಂಬಿದಾಗ 12.6, ಖಾಲಿಯಾಗುವ ಹೊತ್ತಿಗೆ 9. ವೋಲ್ಟೇಜ್ ಹಿಡಿದಿಡುವ ಸರ್ಕ್ಯೂಟ್ ಇರುವ ಒಳ್ಳೆಯವೂ ಬರುತ್ತವೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅಂಗಳದಡಿಕೆ
ನೋಡನ್ನು ಅದರದ್ದೇ ಅಡಾಪ್ಟರ್‌ಗೆ ಹಾಕಿಸಿ, ಯುಪಿಎಸ್ಸನ್ನು ಕ್ಯಾಮೆರಾಗೆ ಮಾತ್ರ ಬಿಟ್ಟೆ. ಸಂಜೆ ರೀಸ್ಟಾರ್ಟ್ ಆಗುವುದು ನಿಂತಿದೆ! ಎಲ್ಲರಿಗೂ ಥ್ಯಾಂಕ್ಸ್.

ಆದರೆ ಒಂದು ಸಣ್ಣ ಬಾಲ ಉಳಿದಿದೆ. ಯಾವಾಗಲೋ ಒಮ್ಮೆ, ಹಗಲಲ್ಲೂ, ಮಹಡಿ ಮತ್ತು ಹಿಂದಿನ ಕೋಣೆ ಎರಡೂ ನೋಡ್ ಒಟ್ಟಿಗೆ ಒಂದು ನಿಮಿಷ ಹೋಗಿ ಬರುತ್ತವೆ. ಈ ಸಲ ಲೈಟ್ ಆರುವುದಿಲ್ಲ, ಕೆಂಪಾಗುತ್ತದೆ. ಚಾವಡಿಯಲ್ಲಿ ನೆಟ್ ನಡೆಯುತ್ತಿರುತ್ತದೆ.

ಹುಬ್ಬಳ್ಳಿ_ಗಿರ್ಮಿಟ್
ಇದಕ್ಕೂ ಸ್ಟೆಬಿಲೈಸರ್ ಅನ್ನೂದಿಲ್ಲ, ಹೆದರಬ್ಯಾಡ್ರಿ.

ಮ್ಯೂನಿಕ್_ಮಂಡ್ಯ
ಇದು ನನ್ನ ಏರಿಯಾ. ಸೆಟ್ಟಿಂಗ್‌ನಲ್ಲಿ 160 ಮೆಗಾಹರ್ಟ್ಸ್ ಅಂತ ಒಂದು ಆನ್ ಆಗಿರಬೇಕು, ನೋಡಿ. ಅದು ಚಾನೆಲ್‌ನ ಅಗಲ. ಇದ್ದರೆ ಆಫ್ ಮಾಡಿ, 80 ಸಾಕು.

ಯಾಕೆ ಅಂದರೆ, 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳು ರಾಡಾರ್‌ಗಳ ಜೊತೆ ಹಂಚಿಕೊಂಡವು. ಡಿಎಫ್‌ಎಸ್ ಅನ್ನುತ್ತಾರೆ. ಅಲ್ಲಿ ಕೂತ ರೌಟರ್‌ಗೆ ರಾಡಾರ್ ಕೇಳಿಸಿದರೆ 10 ಸೆಕೆಂಡಿನೊಳಗೆ ಜಾಗ ಖಾಲಿ ಮಾಡಬೇಕು, ಅರ್ಧ ಗಂಟೆ ಆ ಕಡೆ ತಲೆ ಹಾಕಬಾರದು. ಹೊಸ ರಾಡಾರ್ ಚಾನೆಲ್‌ಗೆ ಹೋಗುವುದಾದರೆ ಮೊದಲು 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೂರಬೇಕು. ಮೇನ್ ನೋಡ್ ಹೀಗೆ ಎದ್ದು ಓಡಿದಾಗ ಉಳಿದೆರಡು ಅದನ್ನು ಹುಡುಕಿಕೊಂಡು ಹೋಗಬೇಕು. ನಿಮ್ಮ ಒಂದು ನಿಮಿಷ ಅಲ್ಲಿ ಹೋಗುತ್ತದೆ.

ನನ್ನದು ಚಾನೆಲ್ 36, ಅದರಲ್ಲಿ ರಾಡಾರ್ ಇಲ್ಲ ಅಂತ ಜನ ವಾದ ಮಾಡುತ್ತಾರೆ. 160 ಆನ್ ಇದ್ದರೆ 36ರಿಂದ 64ರವರೆಗೆ ಪೂರ್ತಿ ಹಾಸಿಕೊಂಡು ಕೂರುತ್ತದೆ ಸ್ವಾಮಿ, ಅದರಲ್ಲಿ ಅರ್ಧ ರಾಡಾರ್ ಚಾನೆಲ್ಲೇ. 80 ಮಾಡಿದರೆ 36ರಿಂದ 48ರಲ್ಲೇ ಮುಗಿಯುತ್ತದೆ. ಇಲ್ಲಿ ಯುರೋಪಿನಲ್ಲಿ 120ರಿಂದ 128ರ ಚಾನೆಲ್‌ಗಳಲ್ಲಿ ಹವಾಮಾನ ರಾಡಾರ್ ಇರುತ್ತದೆ, ಅಲ್ಲಿಗೆ ಹೋಗುವ ಮೊದಲು ರೌಟರ್ 10 ನಿಮಿಷ ಕಾಯಬೇಕು. ಮೀಟಿಂಗ್ ಮಧ್ಯೆ ಒಮ್ಮೆ ಅನುಭವಿಸಿದರೆ ಸಾಕು, 160 ಮೇಲಿನ ಆಸೆ ಹೋಗುತ್ತದೆ.

ಕುಂದಾಪ್ರ_ಕಡ್ಲು
ಸುಳ್ಯದ ಕಾಡಲ್ಲಿ ಎಂತ ರಾಡಾರ್ ಮಾರಾಯ್ರೇ?

ಮ್ಯೂನಿಕ್_ಮಂಡ್ಯ
ನಿಜವಾದ ರಾಡಾರೇ ಇರಬೇಕೆಂದಿಲ್ಲ. ಯಾವುದೋ ಗದ್ದಲವನ್ನು ರಾಡಾರ್ ಅಂತ ತಿಳಿದು ಓಡುವ ರೌಟರ್‌ಗಳೂ ಬೇಕಾದಷ್ಟಿವೆ.

ಕ್ರಿಂಪಿಂಗ್_ಕಾಕಾ
ಇಷ್ಟೆಲ್ಲ ಯಾಕೆ? ಒಂದು ಕೇಬಲ್ ಎಳೆದುಬಿಡಿ. ವೈರ್ ಇದ್ದರೆ ರಾಡಾರೂ ಇಲ್ಲ, ಗೋಡೆಯೂ ಇಲ್ಲ. ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್, ಪೂರ್ತಿ ತಾಮ್ರದ್ದು. ಅಲ್ಯೂಮಿನಿಯಂಗೆ ತಾಮ್ರ ಬಳಿದದ್ದನ್ನು ಅರ್ಧ ರೇಟಿಗೆ ಕೊಡುತ್ತಾರೆ, ತಗೋಬೇಡಿ. ಕ್ರಿಂಪ್ ಮಾಡಿದಲ್ಲಿ (ತುದಿಗೆ ಪಿನ್ ಒತ್ತಿ ಕೂರಿಸಿದಲ್ಲಿ) ಮುರಿಯುತ್ತದೆ. ನಾಲ್ಕು ಜೋಡಿಯಲ್ಲಿ ಒಂದು ಕೈಕೊಟ್ಟರೂ ಗಿಗಾಬಿಟ್ ಹೋಗಿ 100ಕ್ಕೆ ಬಂದು ಕೂರಬಹುದು.

ಅಂಗಳದಡಿಕೆ
160 ಆನ್ ಇತ್ತು! ಆಫ್ ಮಾಡಿದ್ದೇನೆ, ನೋಡೋಣ.

ಕೇಬಲ್ ವಿಷಯ ಒಳ್ಳೆಯದೇ ಆಯಿತು. ಅಂಗಳದ ಆಚೆ ಅಡಿಕೆ ಸುಲಿಯುವ ಶೆಡ್ಡಿಗೂ ನೆಟ್ ಬೇಕು ಅಂತ ಅಪ್ಪ ಹಟ ಹಿಡಿದಿದ್ದಾರೆ. ಮಹಡಿಯಿಂದ ಶೆಡ್ಡಿಗೆ ಕ್ಯಾಟ್ 6 ಎಳೆದು ಇನ್ನೊಂದು ನೋಡ್ ಇಡಬಹುದಾ?

ಕ್ರಿಂಪಿಂಗ್_ಕಾಕಾ
100 ಮೀಟರ್ ಒಳಗಾದರೆ ಧಾರಾಳವಾಗಿ.

ಕುಂದಾಪ್ರ_ಕಡ್ಲು
ಬೇಡ ಬೇಡ! ಕಾಕಾ, ನಮ್ಮ ಕಡೆಯ ಸಿಡಿಲು ನೀವು ನೋಡಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ, ಮತ್ತೆ ಮಳೆ ಮುಗಿಯುವಾಗ ಅಕ್ಟೋಬರಿನಲ್ಲಿ, ಮಧ್ಯಾಹ್ನದ ಮೇಲೆ ಗುಡುಗಿದರೆ ಮನೆಯ ಪ್ಲಗ್ಗೆಲ್ಲ ಕಿತ್ತಿಡುವ ಊರು ನಮ್ಮದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರ ಎಳೆದರೆ ಸಿಡಿಲು ನೇರ ಹೊಡೆಯಬೇಕೆಂದೇ ಇಲ್ಲ, ಹತ್ತಿರ ಬಿದ್ದರೂ ಆ ವಯರಿನಲ್ಲಿ ಬಂದು ಪೋರ್ಟ್ ಸುಟ್ಟುಹಾಕುತ್ತದೆ. ನಮ್ಮ ಕೊಟ್ಟಿಗೆಗೆ ಎಳೆದ ಕೇಬಲ್‌ನಿಂದ ಸ್ವಿಚ್ಚೂ ಹೋಯಿತು, ಟಿವಿಯೂ ಹೋಯಿತು.

ತಂತಿಮೀಟರ್
ಕಡ್ಲು ಹೇಳಿದ್ದು ನೂರಕ್ಕೆ ನೂರು. ಮನೆಯೊಳಗೆ ತಾಮ್ರ, ಮನೆಯ ಹೊರಗೆ ಫೈಬರ್. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡೂ ಕಡೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಡಬ್ಬಿ) ಇಟ್ಟರೆ ಆಯಿತು. ಫೈಬರ್ ತೆಗೆದುಕೊಳ್ಳುವಾಗ ಒಂದು ಎಚ್ಚರ: ಎಳೆಯಲು ಗಟ್ಟಿ ಇರಲಿ ಅಂತ ಕೆಲವದರಲ್ಲಿ ಉಕ್ಕಿನ ತಂತಿ ಇರುತ್ತದೆ. ಅದು ಬೇಡ, ಲೋಹ ಇಲ್ಲದ್ದನ್ನು ಕೇಳಿ. ಇಲ್ಲವಾದರೆ ಮತ್ತೆ ಅದೇ ಕಥೆ.

ಕ್ರಿಂಪಿಂಗ್_ಕಾಕಾ
ಫೈಬರ್ ಜೋಡಿಸಲು ಸ್ಪ್ಲೈಸಿಂಗ್ ಮಷಿನ್ ಯಾರು ತರುತ್ತಾರೆ? ಸುಮ್ನೆ ಖರ್ಚು.

ತಂತಿಮೀಟರ್
ಎರಡೂ ತುದಿಗೆ ಕನೆಕ್ಟರ್ ಹಾಕಿಯೇ ಸಿಗುತ್ತದೆ ಕಾಕಾ. ಅಳತೆ ಹೇಳಿ ತರಿಸಿದರೆ ಮಷಿನ್ ಬೇಕಿಲ್ಲ. ಊರಿನ ಕೇಬಲ್ ಹುಡುಗರ ಹತ್ತಿರ ಮಷಿನ್ ಇರುತ್ತದೆ ಕೂಡ.

ಪಾಕ್_ಮೈಸೂರು
ಕಾಕಾನ ಕ್ರಿಂಪಿಂಗ್ ಟೂಲಿಗೆ ಕೆಲಸ ಇಲ್ಲದ ಹಾಗಾಯಿತು.

ಕ್ರಿಂಪಿಂಗ್_ಕಾಕಾ
ಮನೆಯೊಳಗೆ ಬೇಕಲ್ಲ! ಆದರೆ ಸಿಡಿಲಿನ ಮಾತು ಒಪ್ಪಿದೆ. ನಮ್ಮ ಬಯಲುಸೀಮೆಯಲ್ಲಿ ಇಷ್ಟು ಯೋಚಿಸುವುದಿಲ್ಲ.

ಬೆಣ್ಣೆದೋಸೆ_ದಾವಣಗೆರೆ
ಅಕ್ಕಾ, ಅಡಿಕೆ ರೇಟ್ ಈಗ ಎಷ್ಟಿದೆ ನಿಮ್ಮ ಕಡೆ?

ಕುಂದಾಪ್ರ_ಕಡ್ಲು
ಬಂತು, ಥ್ರೆಡ್ ಮಂಡಿಗೆ ಹೋಯಿತು.

ಅಂಗಳದಡಿಕೆ
ರೇಟ್ ಅಪ್ಪನನ್ನೇ ಕೇಳಬೇಕು, ಕೇಳಿದರೆ ಫೋನ್ ಇಡುವುದಿಲ್ಲ 🙂

160 ಆಫ್ ಮಾಡಿದ ಮೇಲೆ ಎರಡು ನೋಡ್ ಒಟ್ಟಿಗೆ ಬೀಳುವುದು ಕಾಣಿಸಿಲ್ಲ. ಸ್ಪೀಡ್ ಟೆಸ್ಟಿನಲ್ಲೂ ವ್ಯತ್ಯಾಸ ಇಲ್ಲ, ನಮ್ಮ ಪ್ಲಾನೇ 100 ಎಂಬಿಪಿಎಸ್. ಈಗ ಅಪ್ಪನ ಪ್ರಶ್ನೆ: ಕರೆಂಟ್ ಹೋದಾಗ ಮಹಡಿ ನೋಡ್ ನಿಂತರೆ ಕ್ಯಾಮೆರಾ ಬ್ಯಾಟರಿಯಲ್ಲಿ ನಡೆದು ಏನು ಪ್ರಯೋಜನ? ಅದು ಸರಿಯೇ. ಚಾವಡಿಗೆ ಇನ್ವರ್ಟರ್ ಲೈನ್ ಇದೆ, ಮಹಡಿಗೆ ಇಲ್ಲ.

ರೇಡಿಯೊ_ರಾಯರು
ಎರಡು ದಾರಿ. ನೋಡ್‌ಗೇ ಬೇರೆ ಒಂದು ಚಿಕ್ಕ ಯುಪಿಎಸ್, 12 ವೋಲ್ಟ್ 2 ಆಂಪಿಯರ್ ಇರಲಿ, ಅದಕ್ಕೆ ಬೇರೆ ಏನೂ ಸೇರಿಸಬಾರದು. ಇಲ್ಲವೇ ಎಲೆಕ್ಟ್ರಿಷಿಯನ್ ಕರೆಸಿ ಮಹಡಿಯ ಆ ಒಂದು ಪ್ಲಗ್‌ಗೆ ಇನ್ವರ್ಟರ್ ಲೈನ್ ಎಳೆಸಿ. ಫೇಸ್ ಮಾತ್ರ ಎಳೆದು ನ್ಯೂಟ್ರಲ್ ಬೆರೆಸಿಬಿಡುತ್ತಾರೆ, ನಿಂತು ನೋಡಿಕೊಳ್ಳಲು ಹೇಳಿ. ನನ್ನ ಓಟು ಎರಡನೆಯದಕ್ಕೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನೂ ಹಾಕಿರಲಿ. ಸಾದಾ ಮೋಡ್‌ನಲ್ಲಿ ಬದಲಾಗುವ ಹೊತ್ತು ಜಾಸ್ತಿ, ಆ ಗ್ಯಾಪಲ್ಲಿ ನೋಡ್ ರೀಸ್ಟಾರ್ಟ್ ಆಗಬಹುದು.

ಅಂಗಳದಡಿಕೆ
ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾನಂತೆ. ಶೆಡ್ಡಿನ ಫೈಬರ್‌ಗೆ ಅಳತೆಯನ್ನೂ ಅವತ್ತೇ ತೆಗೆಸುತ್ತೇನೆ.

ಹುಬ್ಬಳ್ಳಿ_ಗಿರ್ಮಿಟ್
ಭಾನುವಾರ ಬರತೀನಿ ಅಂದ ಎಲೆಕ್ಟ್ರಿಷಿಯನ್ ಯಾವ ಭಾನುವಾರ ಅಂತ ಹೇಳಿದ್ನಾ? ಅದನ್ನ ಕೇಳಿಕೊಳ್ರಿ ಮೊದಲು.